ಮೇರಿ ಕ್ಯೂರಿಯನ್ನು ಬಲಿ ಪಡೆದ ಕಿರಣ ಯಾವುದು?

1934ರ ಜುಲೈ 4ರಂದು ಫ್ರಾನ್ಸಿನ ಆಲ್ಪ್ಸ್ ಪರ್ವತಸೀಮೆಯ ಆರೋಗ್ಯಧಾಮವೊಂದರಲ್ಲಿ ಮೇರಿ ಕ್ಯೂರಿ ಕೊನೆಯುಸಿರೆಳೆದಾಗ ಅವರಿಗೆ 66 ವರ್ಷ. ಕ್ಷಯರೋಗವೆಂದು ಶಂಕಿಸಿ ವೈದ್ಯರು ಅವರನ್ನು ಅಲ್ಲಿಗೆ ಕಳುಹಿಸಿದ್ದರು. ದೋಷವಿದ್ದದ್ದು ಶ್ವಾಸಕೋಶದಲ್ಲಲ್ಲ, ರಕ್ತದಲ್ಲಿ. ಹೊಸ ರಕ್ತಕಣಗಳನ್ನು ಉತ್ಪಾದಿಸಬೇಕಾದ ಅಸ್ಥಿಮಜ್ಜೆ ಸೋತುಹೋಗಿತ್ತು. ವರ್ಷಗಟ್ಟಲೆ ದೇಹವನ್ನು ಹೊಕ್ಕ ವಿಕಿರಣವೇ ಇದಕ್ಕೆ ಕಾರಣವಿರಬೇಕೆಂದು ವೈದ್ಯರು ಅಭಿಪ್ರಾಯಪಟ್ಟರು.

ತಾನು ಕಂಡುಹಿಡಿದ ರೇಡಿಯಂಗೆ ತಾನೇ ಬಲಿಯಾದ ವಿಜ್ಞಾನಿ ಎಂಬ ಮಾತು ಅಂದಿನಿಂದ ಪ್ರಚಲಿತವಾಯಿತು. ಆದರೆ ಕಥೆ ಅಷ್ಟು ಸರಳವಾಗಿಲ್ಲ.

1867ರ ನವೆಂಬರ್ 7ರಂದು ಪೋಲೆಂಡಿನ ವಾರ್ಸಾದಲ್ಲಿ ಜನಿಸಿದ ಮೇರಿ, 1891ರಲ್ಲಿ ಉನ್ನತ ವ್ಯಾಸಂಗಕ್ಕಾಗಿ ಪ್ಯಾರಿಸ್ ಸೇರಿದರು. 1895ರಲ್ಲಿ ಪಿಯರ್ ಕ್ಯೂರಿಯವರನ್ನು ವರಿಸಿದರು. 1898ರಲ್ಲಿ ದಂಪತಿ ಪೊಲೋನಿಯಂ ಮತ್ತು ರೇಡಿಯಂ ಎಂಬ ಎರಡು ಹೊಸ ಧಾತುಗಳನ್ನು ಜಗತ್ತಿಗೆ ಪರಿಚಯಿಸಿದರು. ಸೋರುವ ಮಾಡಿನ ಹಳೆಯ ಕೊಟ್ಟಿಗೆಯೊಂದರಲ್ಲಿ ಹಲವು ಟನ್ ಪಿಚ್‌ಬ್ಲೆಂಡ್ ಅದಿರಿನ ಶೇಷವನ್ನು ಕುದಿಸಿ, ಕಲಕಿ, ಸೋಸಿ 1902ರಲ್ಲಿ ಮೇರಿ ಪಡೆದದ್ದು ಕೇವಲ 0.1 ಗ್ರಾಂ ರೇಡಿಯಂ ಕ್ಲೋರೈಡ್. ರಾತ್ರಿ ಕತ್ತಲೆಯಲ್ಲಿ ಹೊಳೆಯುವ ಆ ನಳಿಕೆಗಳನ್ನು ನೋಡುವುದೇ ದಂಪತಿಗೆ ಹಬ್ಬವಾಗಿತ್ತು.

ಅಪಾಯದ ಸುಳಿವು ಅವರಿಗಿರಲಿಲ್ಲವೆಂದು ಹೇಳುವಂತಿಲ್ಲ. ಪಿಯರ್ ಸ್ವತಃ ತಮ್ಮ ತೋಳಿನ ಮೇಲೆ ಹತ್ತು ಗಂಟೆ ಕಾಲ ವಿಕಿರಣಶೀಲ ವಸ್ತುವನ್ನು ಇರಿಸಿಕೊಂಡಿದ್ದರು. 52 ದಿನಗಳು ಕಳೆದರೂ ಗಾಯ ಪೂರ್ತಿಯಾಗಿ ಮಾಯಲಿಲ್ಲ. ನಳಿಕೆಯನ್ನು ಜೇಬಿನಲ್ಲಿರಿಸಿಕೊಂಡಿದ್ದ ಹೆನ್ರಿ ಬೆಕೆರೆಲ್ ಅವರ ಚರ್ಮವೂ ಸುಟ್ಟಿತು. ಈ ಅನುಭವಗಳನ್ನು ಪಿಯರ್ ಮತ್ತು ಬೆಕೆರೆಲ್ 1901ರಲ್ಲಿ ಪ್ರಕಟಿಸಿದರು. ರೇಡಿಯಂ ಹೊಮ್ಮಿಸುವ ಅನಿಲವನ್ನು ಉಸಿರಾಡಿದ ಪ್ರಯೋಗದ ಪ್ರಾಣಿಗಳು ಸತ್ತದ್ದನ್ನೂ ಪಿಯರ್ 1904ರಲ್ಲಿ ಕಂಡಿದ್ದರು. ಜೀವಕೋಶವನ್ನು ಕೊಲ್ಲುವ ಈ ಗುಣವೇ ಅರ್ಬುದ ಚಿಕಿತ್ಸೆಯ ಭರವಸೆಯಾಗಿ ಕಂಡದ್ದರಿಂದ, ಅದರ ಇನ್ನೊಂದು ಮುಖ ಮರೆಯಾಯಿತು.

1903ರಲ್ಲಿ ಭೌತಶಾಸ್ತ್ರದ, 1911ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಮೇರಿಯವರಿಗೆ ಸಂದವು. ಇವೆರಡರ ನಡುವೆ, 1906ರಲ್ಲಿ, ಕುದುರೆಗಾಡಿಗೆ ಸಿಲುಕಿ ಪಿಯರ್ ಮೃತಪಟ್ಟರು.

ಕ್ಯೂರಿ ದಂಪತಿ ಪೇಟೆಂಟ್ ಪಡೆಯದೆ ಬಿಟ್ಟ ರೇಡಿಯಂ ಅಷ್ಟರಲ್ಲಿ ವ್ಯಾಪಾರಿಗಳ ಕೈ ಸೇರಿತ್ತು. ಅಮೆರಿಕದ ಗಡಿಯಾರ ಕಾರ್ಖಾನೆಗಳಲ್ಲಿ ಕುಂಚದ ತುದಿಯನ್ನು ತುಟಿಯಿಂದ ಚೂಪುಗೊಳಿಸಿ, ಹೊಳೆಯುವ ಅಂಕಿಗಳನ್ನು ಬರೆಯುತ್ತಿದ್ದ ಯುವತಿಯರ ದವಡೆಗಳು ಕೊಳೆಯತೊಡಗಿದವು. ರೇಡಿಯಂ ರಾಸಾಯನಿಕವಾಗಿ ಕ್ಯಾಲ್ಸಿಯಂನ ಬಂಧು. ಹೊಟ್ಟೆ ಸೇರಿದರೆ ದೇಹವು ಅದನ್ನು ಮೂಳೆಯಲ್ಲಿ ನೆಲೆಗೊಳಿಸುತ್ತದೆ. ಕಾಗದದ ಹಾಳೆಯನ್ನೂ ದಾಟಲಾರದ ಅದರ ಆಲ್ಫಾ ಕಣಗಳು ಅಲ್ಲಿಂದ ಮಜ್ಜೆಯನ್ನು ಸುಡುತ್ತಲೇ ಇರುತ್ತವೆ. ದೇಹ ಹೊಕ್ಕ ರೇಡಿಯಂ ಅನ್ನು ನಾಶಪಡಿಸುವ ಉಪಾಯ ತಮಗೆ ತಿಳಿದಿಲ್ಲವೆಂದು 1928ರಲ್ಲಿ ಮೇರಿ ಆ ಯುವತಿಯರ ಕುರಿತು ವಿಷಾದದಿಂದ ತಿಳಿಸಿದ್ದರು.

ತಮ್ಮ ಸಂಸ್ಥೆಯ ಸಹಾಯಕರು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು, ಸೀಸದ ತಡೆಯ ಹಿಂದೆ ಕೆಲಸ ಮಾಡಬೇಕು ಎಂಬ ಶಿಸ್ತು ಮೇರಿಯವರದೇ. ತಮಗೆ ಮಾತ್ರ ಆ ನಿಯಮ ಅನ್ವಯಿಸಿಕೊಳ್ಳಲಿಲ್ಲ. ಬೆರಳುಗಳು ಒರಟಾಗಿ ಬಿರಿದವು. ಕಣ್ಣುಗಳಿಗೆ ಪೊರೆ ಬಂದು ಹಲವು ಶಸ್ತ್ರಚಿಕಿತ್ಸೆಗಳಾದವು. ಅದನ್ನೂ ಅವರು ಲೋಕದಿಂದ ಮುಚ್ಚಿಟ್ಟರು. ಹಟವೋ, ಜೀವನವಿಡೀ ಸಾಕಿದ ಧಾತುವಿನ ಮೇಲಿನ ಮಮತೆಯೋ ಎಂದು ತೀರ್ಮಾನಿಸುವುದು ಕಷ್ಟ.

ಮೇರಿ ಮತ್ತು ಪಿಯರ್ ಅವರ ಪಾರ್ಥಿವ ಶರೀರಗಳನ್ನು ಪ್ಯಾರಿಸ್‌ನ ಪ್ಯಾಂಥಿಯನ್‌ಗೆ ಸ್ಥಳಾಂತರಿಸಿದ್ದು 1995ರಲ್ಲಿ. ಆ ಸಂದರ್ಭದಲ್ಲಿ ಫ್ರಾನ್ಸಿನ ವಿಕಿರಣ ರಕ್ಷಣಾ ತಜ್ಞರು ಶವಪೆಟ್ಟಿಗೆಯಲ್ಲಿನ ವಿಕಿರಣವನ್ನು ಅಳೆದರು. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ಮೂಳೆಯಲ್ಲಿ ಅದು ಧಾರಾಳವಾಗಿ ಸೇರಿದ್ದರೆ 61 ವರ್ಷಗಳಲ್ಲಿ ಮಾಯವಾಗುವಂತಿರಲಿಲ್ಲ. ದೊರೆತ ಪ್ರಮಾಣವಾದರೋ ಅಪಾಯದ ಮಟ್ಟಕ್ಕಿಂತ ಕಡಿಮೆಯಿತ್ತು. ತಜ್ಞರ ಅನುಮಾನ ಆಗ ಹೊರಳಿದ್ದು ಎಕ್ಸ್‌-ರೇ ಕಡೆಗೆ.

ಮೊದಲ ಮಹಾಯುದ್ಧದಲ್ಲಿ ಮೇರಿ ಸುಮಾರು 20 ಎಕ್ಸ್‌-ರೇ ವಾಹನಗಳನ್ನು ಸಜ್ಜುಗೊಳಿಸಿ ರಣಭೂಮಿಯ ಆಸ್ಪತ್ರೆಗಳಿಗೆ ಒಯ್ದಿದ್ದರು. ಸುಮಾರು 200 ಸ್ಥಿರ ಘಟಕಗಳನ್ನು ಸ್ಥಾಪಿಸಿ, ಯಂತ್ರ ನಡೆಸಲು ಮಹಿಳೆಯರಿಗೆ ತರಬೇತಿ ನೀಡಿದ್ದರು. ಸೈನಿಕರ ದೇಹ ಹೊಕ್ಕ ಗುಂಡುಗಳನ್ನು ಪತ್ತೆಹಚ್ಚಲು ಸಾಕಷ್ಟು ರಕ್ಷಣೆಯಿಲ್ಲದೆ ಯಂತ್ರದ ಪಕ್ಕದಲ್ಲಿ ನಿಂತವರಿಗೆ ಆ ಕಿರಣಗಳು ಚರ್ಮದಲ್ಲಿ ನಿಲ್ಲದೆ ಮಜ್ಜೆಯವರೆಗೂ ತಲುಪುತ್ತಿದ್ದವು.

ಹದಿಹರೆಯದಲ್ಲೇ ತಾಯಿಯೊಡನೆ ಆ ಯಂತ್ರಗಳ ಬಳಿ ದುಡಿದ ಹಿರಿಯ ಮಗಳು ಐರಿನ್, ಮುಂದೆ ಪತಿ ಫ್ರೆಡೆರಿಕ್ ಜೋಲಿಯೋ ಜೊತೆ 1935ರ ನೊಬೆಲ್ ಪಡೆದರು. ರಕ್ತದ ಅರ್ಬುದದಿಂದ ಆಕೆ ತೀರಿಕೊಂಡದ್ದು 1956ರಲ್ಲಿ, 58ನೆಯ ವಯಸ್ಸಿನಲ್ಲಿ. ಮೇರಿಯವರ ಟಿಪ್ಪಣಿ ಪುಸ್ತಕಗಳು ಇಂದಿಗೂ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸೀಸದ ಪೆಟ್ಟಿಗೆಗಳೊಳಗಿವೆ.