ಉಸಿರನ್ನು ಒಲಿಸಿಕೊಂಡ ಆಚಾರ್ಯರು

ನವೆಂಬರ್ ತಿಂಗಳು ಬಂದಿತೆಂದರೆ ಹೊರನಾಡಿನ ಕನ್ನಡಿಗರಾದ ನಮಗೆ ನಾಡಿನ ಹಿರಿಯರನ್ನು ನೆನೆಯುವ ಹಂಬಲ ಹೆಚ್ಚುತ್ತದೆ. ಕವಿಗಳನ್ನು, ವೀರರನ್ನು, ದಾಸರನ್ನು, ಶರಣರನ್ನು ನಾವು ತಪ್ಪದೆ ನೆನೆಯುತ್ತೇವೆ. ಆದರೆ ಇದೇ ನವೆಂಬರಿನಲ್ಲಿ ಕನ್ನಡ ನೆಲದಲ್ಲಿ ಹುಟ್ಟಿ, ಕನ್ನಡದಲ್ಲಿ ಗ್ರಂಥ ರಚಿಸಿ, ಅರವತ್ತು ದಾಟಿದ ಮೇಲೆ ನಾವು ನೆಲಸಿರುವ ಈ ಚೆನ್ನೈ ನಗರಕ್ಕೆ ಬಂದು ಬದುಕನ್ನು ಮೊದಲಿನಿಂದ ಕಟ್ಟಿಕೊಂಡ ಮಹನೀಯರೊಬ್ಬರ ಹೆಸರು ನಮ್ಮ ಸಭೆಗಳಲ್ಲಿ ಅಪರೂಪವಾಗಿ ಕೇಳಿಬರುತ್ತದೆ. ಅವರೇ ಯೋಗಾಚಾರ್ಯ ಶ್ರೀ ತಿರುಮಲೈ ಕೃಷ್ಣಮಾಚಾರ್ಯರು.

ಆಚಾರ್ಯರು ಜನಿಸಿದ್ದು ೧೮೮೮ನೆಯ ಇಸವಿ ನವೆಂಬರ್ ೧೮ರಂದು, ಚಿತ್ರದುರ್ಗದ ಸೀಮೆಯ ಮುಚುಕುಂದಪುರವೆಂಬ ಗ್ರಾಮದಲ್ಲಿ. ತಂದೆ ಶ್ರೀನಿವಾಸ ತಾತಾಚಾರ್ಯರು ವೇದಾಧ್ಯಾಪಕರು, ತಾಯಿ ರಂಗನಾಯಕಮ್ಮನವರು. ಆರು ಮಕ್ಕಳಲ್ಲಿ ಹಿರಿಯರಾದ ಇವರಿಗೆ ತಂದೆಯೇ ಮೊದಲ ಗುರು. ಆದರೆ ಹತ್ತು ವರ್ಷದ ಬಾಲಕನಿರುವಾಗಲೇ ತಂದೆ ತೀರಿಕೊಂಡರು. ಕುಟುಂಬವು ಮೈಸೂರಿಗೆ ಬಂದಿತು. ಅಲ್ಲಿಯ ಪರಕಾಲ ಮಠದ ಪೀಠದಲ್ಲಿ ಅವರ ಮುತ್ತಜ್ಜನವರಿದ್ದರು. ಬಾಲಕನ ವಿದ್ಯಾಭ್ಯಾಸ ಅಲ್ಲಿ ಮುಂದುವರಿಯಿತು.

ಹದಿನೆಂಟನೆಯ ವಯಸ್ಸಿನಲ್ಲಿ, ೧೯೦೬ರಲ್ಲಿ, ಅವರು ಕಾಶಿಗೆ ಹೊರಟರು. ಮೈಸೂರಿಗೆ ಮರಳಿ, ಮತ್ತೆ ೧೯೧೪ರಲ್ಲಿ ಕಾಶಿ ಸೇರಿ ವ್ಯಾಕರಣ, ತರ್ಕ, ವೇದಾಂತಗಳನ್ನು ಓದಿದರು. ಅನಂತರ ಹಿಮಾಲಯದಾಚೆಗೆ ನಡೆದು, ಮಾನಸ ಸರೋವರದ ಬಳಿ ರಾಮಮೋಹನ ಬ್ರಹ್ಮಚಾರಿಗಳೆಂಬ ಗುರುಗಳಲ್ಲಿ ಏಳೂವರೆ ವರ್ಷ ಯೋಗವನ್ನು ಕಲಿತುದಾಗಿ ಆಚಾರ್ಯರೇ ಶಿಷ್ಯರಿಗೆ ಹೇಳುತ್ತಿದ್ದರು. ಗುರುಗಳು ಕೇಳಿದ ದಕ್ಷಿಣೆ ವಿಚಿತ್ರವಾದುದು. ಊರಿಗೆ ಮರಳು, ಮದುವೆಯಾಗು, ಗೃಹಸ್ಥನಾಗಿದ್ದು ಯೋಗವನ್ನು ಕಲಿಸು ಎಂಬುದೇ ಆ ದಕ್ಷಿಣೆ. ಸಂಸ್ಥಾನಗಳಲ್ಲಿ ದೊರೆಯಬಹುದಾಗಿದ್ದ ಪಂಡಿತ ಪದವಿಗಿಂತ ಈ ಮಾತು ಅವರಿಗೆ ಹೆಚ್ಚಿನದಾಯಿತು.

೧೯೨೫ರಲ್ಲಿ ನಾಮಗಿರಿಯಮ್ಮನವರೊಡನೆ ವಿವಾಹವಾಯಿತು. ಆ ಕಾಲದಲ್ಲಿ ಯೋಗವನ್ನು ಕಲಿಸಿ ಸಂಸಾರ ಸಾಗಿಸುವುದು ಸಾಧ್ಯವಿರಲಿಲ್ಲ. ಷಡ್ದರ್ಶನಗಳನ್ನು ಓದಿದ ಪಂಡಿತರು ಹಾಸನದ ಕಡೆಯ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಣೆಯ ಕೆಲಸಕ್ಕೆ ನಿಂತರು. ಬಿಡುವಿನಲ್ಲಿ ಊರೂರಿಗೆ ಹೋಗಿ ಯೋಗದ ಪ್ರಾತ್ಯಕ್ಷಿಕೆಗಳನ್ನು ನಡೆಸುತ್ತಿದ್ದರು. ೧೯೨೭ರಲ್ಲಿ ಹಾಸನದಲ್ಲಿ ನಡೆದ ಅಂಥ ಒಂದು ಪ್ರಾತ್ಯಕ್ಷಿಕೆಯನ್ನು ನೋಡಿ ಮನಸೋತ ಹುಡುಗನೇ ಮುಂದೆ ಜಗದ್ವಿಖ್ಯಾತರಾದ ಪಟ್ಟಾಭಿ ಜೋಯಿಸರು.

ಈ ವಿದ್ಯೆಗೆ ಆಶ್ರಯವಿತ್ತವರು ನಾಲ್ವಡಿ ಕೃಷ್ಣರಾಜ ಒಡೆಯರು. ಆಚಾರ್ಯರು ೧೯೩೧ರಲ್ಲಿ ಮೈಸೂರಿನ ಸಂಸ್ಕೃತ ಪಾಠಶಾಲೆಗೆ ಬಂದರು. ೧೯೩೩ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಅವರಿಗಾಗಿ ಯೋಗಶಾಲೆ ತೆರೆಯಿತು. ಮರುವರ್ಷ ಅವರ ‘ಯೋಗ ಮಕರಂದ’ ರೂಪುಗೊಂಡಿತು, ಅದೂ ಕನ್ನಡದಲ್ಲಿ. ಇಂದು ಲೋಕದ ಮೂಲೆಮೂಲೆಗಳಲ್ಲಿ ನಡೆಯುವ ಯೋಗಾಭ್ಯಾಸದ ಒಂದು ದೊಡ್ಡ ಕವಲಿಗೆ ಮೂಲವಾದ ಹೊತ್ತಗೆ ನಮ್ಮ ನುಡಿಯಲ್ಲಿ ಹುಟ್ಟಿತೆಂಬುದನ್ನು ನಮ್ಮ ಮಕ್ಕಳಿಗೆ ನಾವು ಹೇಳಬೇಕು. ನಾಮಗಿರಿಯಮ್ಮನವರ ತಮ್ಮ, ಕೋಲಾರ ಜಿಲ್ಲೆಯ ಬೆಳ್ಳೂರಿನ ಸುಂದರರಾಜ ಅಯ್ಯಂಗಾರ್ಯರು ೧೯೩೪ರಲ್ಲಿ ಮೈಸೂರಿಗೆ ಬಂದು ಭಾವನವರಲ್ಲಿ ಕಲಿತು, ೧೯೩೭ರಲ್ಲಿ ಪುಣೆಗೆ ಹೋಗಿ ಅಲ್ಲಿಯೇ ನೆಲಸಿದರು. ಇಂದ್ರಾದೇವಿ ಎಂಬ ಪರದೇಶದ ಮಹಿಳೆಯನ್ನು ಆಚಾರ್ಯರು ಮೊದಲು ನಿರಾಕರಿಸಿದರೂ ಮಹಾರಾಜರ ಮಾತಿನಂತೆ ಸೇರಿಸಿಕೊಂಡರು. ಆಕೆಯೂ ಯೋಗವನ್ನು ದೂರದೇಶಗಳಿಗೆ ಕೊಂಡೊಯ್ದರು.

ಅವರು ಕಲಿಸಿದ್ದರ ತಿರುಳೇನು? ಉಸಿರು. ಕೈಯೆತ್ತುವಾಗ ಪೂರಕ, ಬಾಗುವಾಗ ರೇಚಕ. ಉಸಿರು ಮುಂದೆ, ಅಂಗಾಂಗಗಳು ಅದರ ಹಿಂದೆ. ಉಸಿರನ್ನು ನಿಲ್ಲಿಸುವ ಕುಂಭಕವಂತೂ ಅವರ ಪಾಠದ ಹೃದಯ.

ಉಸಿರು ಬಿಗಿಹಿಡಿಯುವುದೆಂದರೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಊರಿನ ಕೆರೆ, ಬಾವಿಗಳಲ್ಲಿ ಮುಳುಗಿ ಹೂಡುತ್ತಿದ್ದ ಪಂದ್ಯ. ಕೆನ್ನೆಯುಬ್ಬಿಸಿ ಗಾಳಿ ತುಂಬಿಕೊಂಡು, ಕಣ್ಣು ಕೆಂಪಾಗುವವರೆಗೆ ಹಟ ಹಿಡಿಯುವುದು! ದೇಹದ ನಿಯಮ ಬೇರೆಯಾಗಿದೆ. ಉಸಿರು ಕಟ್ಟಿದಾಗ ಮೊದಲು ನಮ್ಮನ್ನು ಚಡಪಡಿಸುವಂತೆ ಮಾಡುವುದು ಆಮ್ಲಜನಕದ ಕೊರತೆಗಿಂತ ಹೆಚ್ಚಾಗಿ ರಕ್ತದಲ್ಲಿ ಏರುವ ಇಂಗಾಲಾಮ್ಲ. ಹೆದರಿದ ಮನಸ್ಸು ಸ್ನಾಯುಗಳನ್ನು ಬಿಗಿಯುತ್ತದೆ, ಗುಂಡಿಗೆಯನ್ನು ಓಡಿಸುತ್ತದೆ. ಕೂಡಿಟ್ಟ ಗಾಳಿ ಬೇಗನೆ ಮುಗಿಯುತ್ತದೆ. ಮೈ ಸಡಿಲಾಗಿ ಮನಸ್ಸು ತಣ್ಣಗಿದ್ದರೆ ಅದೇ ಗಾಳಿ ಹೆಚ್ಚು ಹೊತ್ತು ಬರುತ್ತದೆ. ಜಮಾ ಬೆಳೆಸಲಾರದವನು ಖರ್ಚನ್ನು ತಗ್ಗಿಸುವಂತೆ ಎನ್ನೋಣ.

ಆದುದರಿಂದಲೇ ಆಚಾರ್ಯರ ಪರಂಪರೆಯಲ್ಲಿ ಮೊದಲ ಪಾಠ ರೇಚಕ. ನಿಧಾನವಾಗಿ, ತಡವರಿಸದೆ ಉಸಿರು ಬಿಡಲು ಬಾರದವನಿಗೆ ಕುಂಭಕವಿಲ್ಲ. ಬರುವ ಉಸಿರು, ಹೋಗುವ ಉಸಿರು ಎರಡೂ ಎಳೆಯಂತೆ ನಯವಾದ ಮೇಲೆ ಎರಡರ ನಡುವೆ ಅರೆಗಳಿಗೆಯ ನಿಲುಗಡೆ; ಬಹುಕಾಲದ ಮೇಲೆ ಇನ್ನಷ್ಟು. ನಿಲ್ಲಿಸಿದ ಬಳಿಕ ಬರುವ ಉಸಿರು ಆತುರಪಟ್ಟಿತೆಂದರೆ ನಿಲುಗಡೆ ಹೆಚ್ಚಾಯಿತೆಂದೇ ಅರ್ಥ; ಹಿಂದಕ್ಕೆ ಸರಿಯಬೇಕು. ಇದರಲ್ಲಿ ಇನ್ನೊಬ್ಬನೊಡನೆ ಪೈಪೋಟಿಗೆ ಎಡೆಯೇ ಇಲ್ಲ. ರಕ್ತದೊತ್ತಡವುಳ್ಳವರು, ಹೃದ್ರೋಗಿಗಳು, ಗರ್ಭಿಣಿಯರು ಇದಕ್ಕೆ ಕೈಹಾಕಬಾರದು. ನೀರಿನಲ್ಲಿ ಒಬ್ಬಂಟಿಯಾಗಿ ಯಾರೂ ಪ್ರಯತ್ನಿಸಬಾರದು, ಏಕೆಂದರೆ ಅಲ್ಲಿ ಮುನ್ಸೂಚನೆಯಿಲ್ಲದೆ ಎಚ್ಚರ ತಪ್ಪುವುದುಂಟು.

ಆಚಾರ್ಯರು ಸಭೆಗಳಲ್ಲಿ ನಾಡಿಯನ್ನು ನಿಲ್ಲಿಸಿ ತೋರಿಸುತ್ತಿದ್ದರೆಂಬುದು ಪ್ರಸಿದ್ಧವಾಗಿದೆ. ೧೯೩೫ರಲ್ಲಿ ಫ್ರಾನ್ಸಿನ ಹೃದಯತಜ್ಞೆ ತೆರೇಸ್ ಬ್ರೋಸ್ ಅವರು ಹೃದಯದ ವಿದ್ಯುತ್ ಮಿಡಿತವನ್ನು ಗುರುತಿಸುವ ಯಂತ್ರದೊಡನೆ ಭಾರತಕ್ಕೆ ಬಂದು ಯೋಗಿಗಳನ್ನು ಪರೀಕ್ಷಿಸಿದ್ದರು. ಅನಂತರ ಅಮೆರಿಕದ ವೆಂಗರ್ ಮತ್ತು ಬಾಗ್ಚಿ, ದೆಹಲಿಯ ಆನಂದ್ ಈ ಮೂವರು ಇಂಥ ಸಾಧಕರನ್ನು ಪರೀಕ್ಷಿಸಿ ೧೯೬೧ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಉಸಿರು ಕಟ್ಟಿ ಎದೆ ಹೊಟ್ಟೆಗಳನ್ನು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ತಗ್ಗಿ ನಾಡಿ ಕೈಗೆ ಸಿಕ್ಕದಾಗುತ್ತದೆ. ಹೃದಯ ಮಾತ್ರ ಮಿಡಿಯುತ್ತಲೇ ಇರುತ್ತದೆ ಎಂದು ಅವರು ಕಂಡುಕೊಂಡರು. ಇದನ್ನು ಕೇಳಿ ನಮ್ಮ ಗೌರವ ಕುಂದಬೇಕಾಗಿಲ್ಲ. ಸ್ವತಃ ಆಚಾರ್ಯರೇ ಈ ಚಮತ್ಕಾರವನ್ನು ಜನರ ಕಣ್ಸೆಳೆಯುವ ಉಪಾಯವೆಂದು ಬಗೆದಿದ್ದರು. ಮುಂದೆ ಮಗನು ಕಲಿಸಿರೆಂದು ಕೇಳಿದಾಗ, ಅಹಂಕಾರಕ್ಕಲ್ಲದೆ ಮತ್ತಾವುದಕ್ಕೂ ಒದಗದ ವಿದ್ಯೆಯೆಂದು ಕಲಿಸಲು ಒಪ್ಪಲಿಲ್ಲ.

ನಿಜವಾದ ಪರೀಕ್ಷೆ ಬಂದುದು ಬೇರೆ ರೂಪದಲ್ಲಿ. ೧೯೪೦ರಲ್ಲಿ ನಾಲ್ವಡಿಯವರು ಕಾಲವಾದರು. ದೇಶ ಸ್ವತಂತ್ರವಾಯಿತು, ಅರಮನೆಯ ಆಡಳಿತ ಹೋಯಿತು. ೧೯೫೦ರಲ್ಲಿ ಯೋಗಶಾಲೆ ಮುಚ್ಚಿತು. ಹದಿನೇಳು ವರ್ಷ ಬೆಳಸಿದ ಸಂಸ್ಥೆ, ಆರು ಮಕ್ಕಳ ಸಂಸಾರ, ಅರವತ್ತು ದಾಟಿದ ವಯಸ್ಸು! ಊರು ಬಿಟ್ಟು ಬಂದ ನಮಗೆ ಆ ಸ್ಥಿತಿಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ನಾವು ಬಹುಮಂದಿ ಊರು ಬಿಟ್ಟುದು ಇಪ್ಪತ್ತರ ಹರೆಯದಲ್ಲಿ, ಕೈಯಲ್ಲಿ ನೇಮಕದ ಪತ್ರ ಹಿಡಿದುಕೊಂಡು. ಅವರು ೧೯೫೨ರಲ್ಲಿ ಮದರಾಸಿಗೆ ಬಂದುದು, ಪಾರ್ಶ್ವವಾಯುವಿಗೆ ಗುರಿಯಾಗಿದ್ದ ನ್ಯಾಯವಾದಿಯೊಬ್ಬರಿಗೆ ಚಿಕಿತ್ಸೆ ನೀಡುವ ಕರೆಯ ಮೇರೆಗೆ.

ಅರಮನೆಯ ಆಚಾರ್ಯರು ಬಾಡಿಗೆಯ ಮನೆಯ ಮೇಷ್ಟರಾದರು. ವಿವೇಕಾನಂದ ಕಾಲೇಜಿನಲ್ಲಿ ಪಾಠ ಹೇಳಿದರು. ಮನೆಗೆ ಬಂದವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕಲಿಸಿದರು. ಮೈಸೂರಿನಲ್ಲಿ ಹುರಿಗಟ್ಟಿದ ಹುಡುಗರನ್ನು ಕಠಿಣವಾಗಿ ದುಡಿಸಿದ್ದವರು ಇಲ್ಲಿ ಮುದುಕರಿಗೆ, ರೋಗಿಗಳಿಗೆ, ದಣಿದ ಗೃಹಿಣಿಯರಿಗೆ ಅವರವರ ಉಸಿರಿನ ಅಳತೆಗೆ ತಕ್ಕಂತೆ ಪಾಠವನ್ನು ಮೆದುಗೊಳಿಸಿದರು. ವಿದ್ಯೆ ಮಾಗಿದ್ದು ಈ ನಗರದಲ್ಲಿಯೇ ಎಂದು ನಮಗೆ ತೋರುತ್ತದೆ.

೧೯೬೦ರ ದಶಕದ ಮೊದಲಲ್ಲಿ ನಡೆದ ಸಂಗತಿಯೊಂದನ್ನು ಮಗ ದೇಶಿಕಾಚಾರ್ಯರು ಹಲವು ಬಾರಿ ಹೇಳಿದ್ದಾರೆ. ಅವರು ಆಗ ಇಂಜಿನಿಯರಿಂಗ್ ಮುಗಿಸಿದ್ದ ತರುಣ. ಉದ್ಯೋಗ ಹಿಡಿಯುವ ಹವಣಿಕೆಯಲ್ಲಿದ್ದರು. ಒಂದು ಬೆಳಗ್ಗೆ ಮನೆಯ ಮುಂದೆ ದೊಡ್ಡ ಕಾರು ನಿಂತು, ಅದರಿಂದಿಳಿದ ವಿದೇಶೀ ಮಹಿಳೆಯೊಬ್ಬರು ಸಂಪ್ರದಾಯನಿಷ್ಠರಾದ ಆಚಾರ್ಯರನ್ನು ಬೀದಿಯಲ್ಲಿಯೇ ಆಲಿಂಗಿಸಿಕೊಂಡರು. ಮಗ ಬೆರಗಾಗಿ ಕಾರಣ ಕೇಳಿದಾಗ ತಿಳಿದದ್ದಿಷ್ಟು: ಎಷ್ಟೋ ವರ್ಷಗಳ ಮೇಲೆ ಆಕೆ ಹಿಂದಿನ ರಾತ್ರಿ ಗುಳಿಗೆಯಿಲ್ಲದೆ ನಿದ್ರಿಸಿದ್ದರು. ಇಂಗ್ಲಿಷ್ ಹೆಚ್ಚು ಬಾರದ ವೃದ್ಧರು, ನಿದ್ದೆಯಿಲ್ಲದ ಪರದೇಶಿ. ನಡುವೆ ಮಾತಿಗಿಂತ ಮಿಗಿಲಾಗಿ ನಿಂತದ್ದು ಅವರ ಪಾಠ. ಮಗ ಉದ್ಯೋಗದ ಹಂಬಲ ಬಿಟ್ಟು ತಂದೆಯ ಶಿಷ್ಯರಾದರು. ೧೯೭೬ರಲ್ಲಿ ಇಲ್ಲಿಯೇ ಕೃಷ್ಣಮಾಚಾರ್ಯ ಯೋಗ ಮಂದಿರವನ್ನು ಸ್ಥಾಪಿಸಿದರು.

ತೊಂಬತ್ತಾರನೆಯ ವಯಸ್ಸಿನಲ್ಲಿ ಆಚಾರ್ಯರ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಬೇಡವೆಂದು, ಹಾಸಿಗೆಯಲ್ಲಿ ಮಲಗಿಯೇ ಮಾಡಬಹುದಾದ ಅಭ್ಯಾಸವನ್ನು ತಮಗೆ ತಾವೇ ಗೊತ್ತುಮಾಡಿಕೊಂಡರು. ೧೯೮೯ನೆಯ ಫೆಬ್ರವರಿ ೨೮ರಂದು, ನೂರು ವರ್ಷ ತುಂಬಿದ ಮೇಲೆ, ಆ ದೀರ್ಘವಾದ ಉಸಿರು ನಿಂತಿತು.

ಹೊರನಾಡಿನ ಬದುಕು ಉಸಿರು ಬಿಗಿಹಿಡಿದು ಬಾಳುವ ಬದುಕು. ಮನೆ ಬಾಡಿಗೆ, ವರ್ಗಾವಣೆ, ಮಕ್ಕಳ ಶಾಲೆ, ಊರಿನಲ್ಲಿರುವ ತಂದೆತಾಯಿಗಳ ಚಿಂತೆ ಎಲ್ಲವೂ ಎದೆಯ ಮೇಲೆ ಕುಳಿತಿರುತ್ತವೆ. ಹಟದಿಂದ ಹಿಡಿದರೆ ಬೇಗ ಸೋಲುತ್ತೇವೆ. ನಿಧಾನವಾಗಿ ಬಿಡಲು ಕಲಿತವನೇ ಹೆಚ್ಚು ಹೊತ್ತು ಹಿಡಿಯಬಲ್ಲನೆಂಬುದನ್ನು ಆಚಾರ್ಯರು ಕಲಿಸಿದರು. ಅರಮನೆಯನ್ನು ಬಿಟ್ಟು ಈ ಊರಿನಲ್ಲಿ ಮೂವತ್ತೇಳು ವರ್ಷ ಬಾಳಿ ತೋರಿಸಿದರು. ಈ ರಾಜ್ಯೋತ್ಸವದಂದು ನಮ್ಮ ಹಿರಿಯರ ಸಾಲಿನಲ್ಲಿ ಅವರಿಗೂ ಒಂದು ಹಾರವಿರಲಿ.