ಕನ್ನಂಬಾಡಿ ಕಟ್ಟೆ ಬರೀ ನೀರಾವರಿಗಾಗಿ ಕಟ್ಟಿದ್ದೇ?

ಸರ್ ಎಂ. ವಿಶ್ವೇಶ್ವರಯ್ಯನವರು ಕೆಆರ್‌ಎಸ್ ಯೋಜಿಸಿದ್ದು ರೈತರ ಗದ್ದೆಗಳಿಗಾಗಿ ಮಾತ್ರ ಎಂಬ ಸಂದೇಶ ನಿಮಗೂ ಬಂದಿರಬಹುದು. ನಾವು ಪರಿಶೀಲಿಸಿದಾಗ ಕಂಡಿದ್ದು: ಇದು ಅರ್ಧ ಸತ್ಯ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಮುಂಬೈ ಪ್ರಾಂತ್ಯದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದ ಅವರು 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. ಶಿವನಸಮುದ್ರದ ವಿದ್ಯುದಾಗಾರ 1902ರಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟ್ ಕೊಡುತ್ತಿತ್ತು. ಆದರೆ ಅದು ನಂಬಿದ್ದು ಕಾವೇರಿಯ ಸಹಜ ಹರಿವನ್ನು. ಮಳೆಗಾಲದಲ್ಲಿ ಉಕ್ಕುವ ನದಿ ಬೇಸಿಗೆಯಲ್ಲಿ ಸೊರಗುತ್ತಿತ್ತು. ಗಣಿಯ ಯಂತ್ರಗಳಿಗೆ ಬೇಸಿಗೆ ರಜೆ ಇರಲಿಲ್ಲ.

ವಿದ್ಯುದಾಗಾರಕ್ಕೆ ವರ್ಷದ ಒಟ್ಟು ನೀರಿನ ಲೆಕ್ಕವಷ್ಟೇ ಸಾಲದು. ನದಿ ತೀರಾ ಇಳಿದ ದಿನಗಳಲ್ಲಿ ಎಷ್ಟು ಸಿಗುತ್ತದೆ ಎಂಬುದೇ ಮುಖ್ಯ. ಆ ಕೊರತೆ ತುಂಬುವಷ್ಟು ಮಳೆನೀರನ್ನು ಮೇಲ್ಭಾಗದಲ್ಲಿ ಹಿಡಿದಿಡಬೇಕು. ಹೀಗೆ ವಿದ್ಯುತ್ತು, ನೀರಾವರಿ ಎರಡಕ್ಕೂ ಒದಗುವಂತೆ ಕನ್ನಂಬಾಡಿ ಯೋಜನೆ ರೂಪುಗೊಂಡು, 1911ರಲ್ಲಿ ಕೆಲಸ ಶುರುವಾಯಿತು. ಹಳೆಯ ಕನ್ನಂಬಾಡಿ ಊರು ನೀರಿನಲ್ಲಿ ಮುಳುಗಿತು.

1912ರಲ್ಲಿ ಅವರು ದಿವಾನರಾದರು. ಕಟ್ಟೆ ಪೂರ್ಣವಾಗುವ ಹೊತ್ತಿಗೆ ಆ ಹುದ್ದೆ ಬಿಟ್ಟು ದಶಕವೇ ಕಳೆದಿತ್ತು. 1962ರಲ್ಲಿ ಅವರು ತೀರಿಕೊಂಡರು.

ಆ ಸಂದೇಶ ಮತ್ತೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಕರೆಂಟಿನ ಕಥೆಯನ್ನೂ ಸೇರಿಸಿ.