ಇಂದಿನ ಚಿಂತನೆ: ಮಕ್ಕಳು ಬೇಡವೆಂದ ದಂಪತಿ, ಅವರ ಪರ ನಿಂತ ಬಾಬಾಸಾಹೇಬರು

 

ಅಕ್ಟೋಬರ್ 14 ಅಂದರೆ ನಮಗೆಲ್ಲ ನಾಗಪುರ ನೆನಪಾಗುತ್ತದೆ. 1956ರಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಧಮ್ಮದೀಕ್ಷೆ ಪಡೆದ ದಿನ ಅದು. ಅದಕ್ಕೆ ಮೂರು ವರ್ಷ ಮುಂಚೆ, 1953ರ ಇದೇ ಅಕ್ಟೋಬರ್ 14ರಂದು ರಘುನಾಥ ಧೋಂಡೋ ಕರ್ವೆ ತೀರಿಕೊಂಡರು. ಅವರು ಬೌದ್ಧರಲ್ಲ, ನಮ್ಮ ಕೇರಿಗಳಲ್ಲಿ ಹುಟ್ಟಿದವರೂ ಅಲ್ಲ. ಚಿತ್ಪಾವನ ಬ್ರಾಹ್ಮಣರ ಮನೆಯ ಮಗ. ದೇವರನ್ನು ನಂಬದ ಮನುಷ್ಯ. ಆದರೂ ನಮ್ಮ ಅಧ್ಯಯನ ಬಳಗದ ಇವತ್ತಿನ ಚಿಂತನೆಗೆ ಅವರನ್ನೇ ಆರಿಸಿಕೊಂಡಿದ್ದೇವೆ. ಯಾಕೆಂದರೆ ಕೋರ್ಟಿನಲ್ಲಿ ಅವರ ಪರವಾಗಿ ವಾದ ಮಾಡಿದ ಬ್ಯಾರಿಸ್ಟರ್ ಡಾ. ಅಂಬೇಡ್ಕರ್.

ಅವರ ತಂದೆಯ ಹೆಸರು ಹಲವರಿಗೆ ಗೊತ್ತಿರುತ್ತದೆ. ವಿಧವೆಯರಿಗಾಗಿ ದುಡಿದ, 1916ರಲ್ಲಿ ಹೆಣ್ಣುಮಕ್ಕಳ ವಿಶ್ವವಿದ್ಯಾಲಯ ಕಟ್ಟಿದ ಮಹರ್ಷಿ ಧೋಂಡೋ ಕೇಶವ ಕರ್ವೆ. ತಂದೆಗೆ ದೇಶವೇ ಕೈಮುಗಿಯಿತು. ಮಗನಿಗೆ ಸಿಕ್ಕಿದ್ದು ಬೈಗುಳ, ಬಹಿಷ್ಕಾರ ಮತ್ತು ದಂಡ.

ರಘುನಾಥರು ಹುಟ್ಟಿದ್ದು 1882ರ ಜನವರಿ 14ರಂದು, ಕೊಂಕಣದ ಮುರುಡದಲ್ಲಿ. ಒಂಬತ್ತು ವರ್ಷದವರಿದ್ದಾಗ, 1891ರಲ್ಲಿ, ತಾಯಿ ರಾಧಾಬಾಯಿ ಹೆರಿಗೆಯಲ್ಲೇ ಸತ್ತುಹೋದರು. ಈ ಸಂಗತಿಯನ್ನು ಅವರ ಜೀವನಚರಿತ್ರೆಗಳು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ನಾವು ಅಲ್ಲಿ ಸ್ವಲ್ಪ ನಿಲ್ಲೋಣ. ಹೆರುವುದರಲ್ಲೇ ಜೀವ ಹೋದ ತಾಯಿಯ ಮಗ ಮುಂದೆ ತನ್ನ ಇಡೀ ಆಯುಷ್ಯವನ್ನು, ಹೆರುವುದು ಬಿಡುವುದು ಹೆಣ್ಣಿನ ಇಷ್ಟಕ್ಕೆ ಸೇರಿದ್ದು ಎಂದು ಹೇಳುವುದಕ್ಕೇ ಖರ್ಚು ಮಾಡಿದರು. ಬಾಬಾಸಾಹೇಬರ ತಾಯಿಯನ್ನೂ ನೆನೆಯಿರಿ. ಭೀಮಾಬಾಯಿಯವರಿಗೆ ನಮ್ಮ ಭೀಮರಾವ್ ಹದಿನಾಲ್ಕನೆಯ ಮಗು. ಆ ಮಗುವಿಗೆ ಐದಾರು ವರ್ಷವಾಗುವಷ್ಟರಲ್ಲಿ ತಾಯಿ ಇರಲಿಲ್ಲ.

ರಘುನಾಥರು ಓದಿನಲ್ಲಿ ಬಹಳ ಮುಂದು. 1899ರ ಮೆಟ್ರಿಕ್ ಪರೀಕ್ಷೆಯಲ್ಲಿ ಮೊದಲ ಸ್ಥಾನ, ಆಮೇಲೆ ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ ಬಿ.ಎ. ಗಣಿತದ ಮೇಷ್ಟ್ರಾದರು. ಹೆಚ್ಚಿನ ಓದಿಗೆ ಪ್ಯಾರಿಸ್‌ಗೂ ಹೋಗಿ ಬಂದರು. ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಪ್ರೊಫೆಸರ್ ಕೆಲಸ. ಒಳ್ಳೆಯ ಸಂಬಳ, ದೊಡ್ಡ ಮನೆತನದ ಹೆಸರು. ಸುಮ್ಮನಿದ್ದಿದ್ದರೆ ಸುಖವಾಗಿ ಇರಬಹುದಿತ್ತು.

ಅವರು ಮದುವೆಯಾದದ್ದು ಮಾಲತಿ ಎಂಬುವರನ್ನು. ಗಂಡ ಹೆಂಡತಿ ಇಬ್ಬರೂ ಸೇರಿ ನಮಗೆ ಮಕ್ಕಳು ಬೇಡ ಎಂದು ತೀರ್ಮಾನಿಸಿದರು. ಮಕ್ಕಳಾಗಲಿಲ್ಲ ಎಂದಲ್ಲ, ಬೇಡ ಎಂದು. ನೂರು ವರ್ಷದ ಹಿಂದಿನ ಮಾತಿದು. ಆಗ ಮದುವೆಯಾಗಿ ವರ್ಷದೊಳಗೆ ತೊಟ್ಟಿಲು ಕಟ್ಟದಿದ್ದರೆ ಹೆಣ್ಣಿಗೆ ಬಂಜೆ ಎಂಬ ಹೆಸರು ಅಂಟಿಬಿಡುತ್ತಿತ್ತು. ಗಂಡ ಇನ್ನೊಂದು ಮದುವೆಯಾದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅಂಥ ಕಾಲದಲ್ಲಿ ಈ ತೀರ್ಮಾನದ ಹೆಚ್ಚಿನ ಭಾರ ಹೊತ್ತವರು ಯಾರು? ರಘುನಾಥರು ಹೊರಗಡೆ ಲೇಖನ ಬರೆದು ಜಗಳವಾಡಬಹುದಿತ್ತು. ಹಬ್ಬ, ಮದುವೆ, ಅರಿಶಿನ ಕುಂಕುಮ ಅಂತ ಹೆಂಗಸರು ಸೇರುವ ಕಡೆಯಲ್ಲೆಲ್ಲ ಕಣ್ಣು ಬೀಳುತ್ತಿದ್ದದ್ದು ಮಾಲತಿಯವರ ಮಡಿಲ ಮೇಲೆ. ಹಾಗಾಗಿ ಇದನ್ನು ರಘುನಾಥರ ತ್ಯಾಗ ಎಂದಷ್ಟೇ ಬರೆಯುವವರ ಲೆಕ್ಕ ಅರ್ಧ ಮಾತ್ರ ಸರಿ.

1921ರಲ್ಲಿ ಇಬ್ಬರೂ ಸೇರಿ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದರು. ಲಂಡನ್‌ನಲ್ಲಿ ಮೇರಿ ಸ್ಟೋಪ್ಸ್ ತನ್ನ ಕ್ಲಿನಿಕ್ ತೆರೆದದ್ದೂ ಅದೇ ವರ್ಷ. ನಮ್ಮ ದೇಶದಲ್ಲಿ ಅದೇ ಮೊದಲನೆಯದು. ಮಗು ಬೇಡವೆನ್ನುವ, ಸ್ವಲ್ಪ ಕಾಲ ಬಿಟ್ಟು ಬೇಕೆನ್ನುವ, ಇರುವ ಮಕ್ಕಳೇ ಸಾಕು ಎನ್ನುವ ದಂಪತಿಗಳಿಗೆ ಅಲ್ಲಿ ದಾರಿ ಹೇಳುತ್ತಿದ್ದರು. ರಘುನಾಥರು ಪುಸ್ತಕಗಳನ್ನೂ ಬರೆದರು: ಸಂತಾನ ನಿಯಂತ್ರಣದ ಬಗ್ಗೆ, ಲೈಂಗಿಕ ರೋಗಗಳಿಂದ ಪಾರಾಗುವ ಬಗ್ಗೆ. ಕ್ರೈಸ್ತ ಮಿಷನ್ನಿನ ಕಾಲೇಜಿಗೆ ಇದು ಹಿಡಿಸಲಿಲ್ಲ. ರಾಜೀನಾಮೆ ಕೇಳಿದರು. ಬಾಯಿ ಮುಚ್ಚಿಕೊಂಡು ಕೆಲಸ ಉಳಿಸಿಕೊಳ್ಳುವ ದಾರಿ ಇತ್ತು. ಅವರು ಕೆಲಸ ಬಿಟ್ಟರು.

ಅಲ್ಲಿಂದ ಬಡತನ ಶುರು. ಹಿಂದೂ ಸಂಪ್ರದಾಯಸ್ಥರೂ ಬೈದರು, ಪಾದ್ರಿಗಳೂ ಬೈದರು. ಗಾಂಧೀಜಿಯವರು ಹೆಚ್ಚು ಮಕ್ಕಳು ಬೇಡವೆಂದರೆ ಬ್ರಹ್ಮಚರ್ಯ ಪಾಲಿಸಬೇಕು, ಸಾಧನ ಬಳಸಬಾರದು ಎನ್ನುತ್ತಿದ್ದರು. ಕರ್ವೆಯವರ ವಾದವೇ ಬೇರೆ. ಗಂಡಹೆಂಡಿರ ಸುಖ ಒಂದು ವಿಷಯ, ಮಗು ಇನ್ನೊಂದು ವಿಷಯ, ಎರಡನ್ನೂ ಗಂಟು ಹಾಕಬೇಡಿ ಎಂದು ಅವರು ಪಟ್ಟು ಹಿಡಿದರು. ಸುಖ ಪಡುವ ಹಕ್ಕು ಗಂಡಿಗಿದ್ದಷ್ಟೇ ಹೆಣ್ಣಿಗೂ ಇದೆ ಎಂದರು. ಇವತ್ತಿಗೂ ನಮ್ಮ ಮನೆಗಳಲ್ಲಿ ಈ ಮಾತನ್ನು ಜೋರಾಗಿ ಆಡುವವರು ಎಷ್ಟು ಜನ?

1927ರ ಜುಲೈಯಲ್ಲಿ ಸಮಾಜಸ್ವಾಸ್ಥ್ಯ ಎಂಬ ಮರಾಠಿ ಮಾಸಪತ್ರಿಕೆ ಆರಂಭಿಸಿದರು. ಓದುಗರು ಯಾರ ಹತ್ತಿರವೂ ಕೇಳಲಾಗದ ಪ್ರಶ್ನೆಗಳನ್ನು ಬರೆದು ಕಳಿಸುತ್ತಿದ್ದರು. ಕರ್ವೆಯವರು ಮುಚ್ಚುಮರೆ ಇಲ್ಲದೆ ಉತ್ತರ ಕೊಡುತ್ತಿದ್ದರು. 1931ರಲ್ಲಿ ಒಂದು ಲೇಖನಕ್ಕೆ ಅಶ್ಲೀಲತೆಯ ಮೊಕದ್ದಮೆ ಬಿತ್ತು, 100 ರೂಪಾಯಿ ದಂಡವಾಯಿತು. 1934ರಲ್ಲಿ ಮತ್ತೆ ಬಂಧಿಸಿದರು. ಈ ಸಲ ಹಸ್ತಮೈಥುನ, ಸಲಿಂಗಕಾಮದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೇ ಅಪರಾಧ.

ಈ ಮೊಕದ್ದಮೆ ಹಿಡಿದವರು ಬಾಬಾಸಾಹೇಬರು. ಆ ಹೊತ್ತಿಗೆ ಅವರು ಮಹಾಡ, ನಾಸಿಕ, ದುಂಡುಮೇಜಿನ ಪರಿಷತ್ತು, ಪುಣೆ ಒಪ್ಪಂದ ಎಲ್ಲವನ್ನೂ ದಾಟಿ ಬಂದಿದ್ದರು. ದೇಶದ ದೊಡ್ಡ ನಾಯಕ. ಈ ಕೇಸಿನಿಂದ ಹೆಸರು ಕೆಡಬಹುದೇ ಹೊರತು ಬರುವಂಥದ್ದು ಏನೂ ಇರಲಿಲ್ಲ. ಆದರೂ ನಿಂತರು. ಲೈಂಗಿಕ ವಿಷಯದ ಬಗ್ಗೆ ಬರೆದ ಮಾತ್ರಕ್ಕೆ ಅದು ಅಶ್ಲೀಲವಾಗುವುದಿಲ್ಲ, ಓದುಗ ಕೇಳಿದ್ದಾನೆ, ತಿಳಿದವನು ಉತ್ತರಿಸಿದ್ದಾನೆ, ತಿಳಿವಳಿಕೆಯಿಂದಲೇ ತಪ್ಪು ಕಲ್ಪನೆ ಹೋಗುತ್ತದೆ ಎಂಬುದು ಅವರ ವಾದದ ತಿರುಳು. ಕೋರ್ಟು ಒಪ್ಪಲಿಲ್ಲ. ಕರ್ವೆಯವರಿಗೆ 200 ರೂಪಾಯಿ ದಂಡ ಬಿತ್ತು. ಬಾಬಾಸಾಹೇಬರು ಸೋತ ಕೇಸುಗಳ ಬಗ್ಗೆ ನಾವು ಕಡಿಮೆ ಮಾತಾಡುತ್ತೇವೆ. ಈ ಸೋಲನ್ನು ಮಾತ್ರ ಮರೆಯಬಾರದು ಎಂಬುದು ನನ್ನ ಅನಿಸಿಕೆ.

ಇದು ಒಬ್ಬ ಕಕ್ಷಿದಾರನಿಗೆ ಮಾಡಿದ ಉಪಕಾರ ಮಾತ್ರವಲ್ಲ. ನಾಲ್ಕು ವರ್ಷದ ಮೇಲೆ, 1938ರ ನವೆಂಬರ್ 10ರಂದು, ಮುಂಬಯಿ ಶಾಸನಸಭೆಯಲ್ಲಿ ಅವರ ಪಕ್ಷದ ಪಿ.ಜೆ. ರೋಹಮ್ ಸಂತಾನ ನಿಯಂತ್ರಣದ ಪರವಾಗಿ ನಿರ್ಣಯ ಮಂಡಿಸಿದರು. ಸರ್ಕಾರವೇ ಜನರಿಗೆ ಇದಕ್ಕೆ ಅನುಕೂಲ ಮಾಡಿಕೊಡಬೇಕು ಎಂಬುದು ಬೇಡಿಕೆ. ಭಾಷಣ ಸಿದ್ಧಮಾಡಿದವರು ಬಾಬಾಸಾಹೇಬರು. ಹೆರಿಗೆಯ ನೋವನ್ನು ಗಂಡಸರೇ ಅನುಭವಿಸಬೇಕಾಗಿದ್ದರೆ ಯಾವನೂ ಒಂದಕ್ಕಿಂತ ಹೆಚ್ಚು ಮಗುವಿಗೆ ಒಪ್ಪುತ್ತಿರಲಿಲ್ಲ ಎಂಬ ಅರ್ಥದ ಮಾತು ಆ ಭಾಷಣದಲ್ಲಿದೆ. ನಿರ್ಣಯದ ಪರ 11 ಮತ, ವಿರೋಧ 52. ಅಲ್ಲೂ ಸೋಲು. ಆ ಭಾಷಣದ ಹಿಂದೆ ಅವರ ಮನೆಯ ದುಃಖವೂ ಇತ್ತು ಎಂದೇ ಓದುತ್ತೇನೆ. ರಮಾಬಾಯಿ ತಾಯಿಯವರು ಹೆತ್ತ ಐದು ಮಕ್ಕಳಲ್ಲಿ ಉಳಿದವರು ಯಶವಂತರು ಒಬ್ಬರೇ. 1935ರಲ್ಲಿ ತಾಯಿಯವರೂ ಹೋಗಿದ್ದರು.

ನಮ್ಮ ಕರ್ನಾಟಕದ ಬಗ್ಗೆ ಒಂದು ಮಾತು. ಮುಂಬಯಿಯಲ್ಲಿ ಇಷ್ಟೆಲ್ಲ ರಂಪವಾಗುತ್ತಿದ್ದಾಗಲೇ, 1930ರಲ್ಲಿ, ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ನಾಲ್ವಡಿಯವರ ಆಳ್ವಿಕೆಯ ಕಾಲ.

ಈಗ ನಮ್ಮ ಮನೆಗಳಿಗೆ ಬರೋಣ. ಮದುವೆಯನ್ನು ಧಮ್ಮದ ರೀತಿಯಲ್ಲಿ ಮಾಡುತ್ತೇವೆ. ಪುರೋಹಿತ ಇಲ್ಲ, ಮುಹೂರ್ತ ಇಲ್ಲ. ಬುದ್ಧ, ಬಾಬಾಸಾಹೇಬರ ಫೋಟೋ ಮುಂದೆ ತ್ರಿಸರಣ, ಪಂಚಶೀಲ. ಆರು ತಿಂಗಳು ಕಳೆಯುವುದರೊಳಗೆ ಶುರು: ಏನಮ್ಮಾ, ವಿಶೇಷ ಇದೆಯಾ? ಎರಡು ವರ್ಷವಾದರೆ ಡಾಕ್ಟರ ವಿಳಾಸ ಕೊಡುತ್ತಾರೆ, ಮೂರಾದರೆ ಸದ್ದಿಲ್ಲದೆ ಹರಕೆ ಹೊರುತ್ತಾರೆ. ಆ ಹುಡುಗಿ ಗಂಡನ ಜೊತೆ ಕೂತು ಮಾತಾಡಿ, ಯೋಚನೆ ಮಾಡಿ, ಬೇಡ ಎಂದು ನಿರ್ಧರಿಸಿರಬಹುದು ಎಂಬುದು ಯಾರ ತಲೆಗೂ ಬರುವುದಿಲ್ಲ. ಗೊತ್ತಾದರೆ ಸ್ವಾರ್ಥಿ ಎನ್ನುತ್ತಾರೆ.

ಮಗ ಬೇಕೇಬೇಕು ಎಂಬುದು ನಮ್ಮೊಳಗೆ ಎಲ್ಲಿಂದ ಬಂತು? ಪಿಂಡ ಇಡಲು ಮಗ ಬೇಕು, ಅವನಿಲ್ಲದೆ ಸದ್ಗತಿ ಇಲ್ಲ ಎಂಬ ನಂಬಿಕೆಯಿಂದ. ನಾವು ತೆಗೆದುಕೊಂಡ 22 ಪ್ರತಿಜ್ಞೆಗಳಲ್ಲಿ ಆರನೆಯದನ್ನು ನೋಡಿ. ಶ್ರಾದ್ಧವನ್ನೂ ಪಿಂಡದಾನವನ್ನೂ ಬಿಟ್ಟಿದ್ದೇವೆ. ಪಿಂಡ ಬಿಟ್ಟ ಮೇಲೂ ಪಿಂಡ ಇಡುವವನಿಗಾಗಿ ಸೊಸೆಯ ಜೀವ ಹಿಂಡುವುದು ಯಾವ ನ್ಯಾಯ?

ಸಿಗಾಲೋವಾದ ಸುತ್ತವನ್ನು ನಮ್ಮ ಬಳಗದಲ್ಲಿ ಓದಿದವರಿಗೆ ನೆನಪಿರಬಹುದು. ಗಂಡ ಹೆಂಡತಿಗೆ ಮಾಡಬೇಕಾದ್ದು ಐದು, ಹೆಂಡತಿ ಗಂಡನಿಗೆ ಮಾಡಬೇಕಾದ್ದು ಐದು. ಗೌರವ, ನಿಷ್ಠೆ, ಮನೆಯ ಅಧಿಕಾರ ಬಿಟ್ಟುಕೊಡುವುದು, ಗಳಿಸಿದ್ದನ್ನು ಕಾಪಾಡುವುದು, ಹೀಗೆ. ಈ ಹತ್ತರಲ್ಲಿ ಮಗು ಹೆತ್ತು ಕೊಡಬೇಕು ಎಂಬುದು ಇಲ್ಲ. ಅದೇ ಸುತ್ತದಲ್ಲಿ ಮಕ್ಕಳ ಕರ್ತವ್ಯ ಹೇಳುವಾಗ ಕುಲವಂಶ ಉಳಿಸಬೇಕು ಎಂಬ ಮಾತು ಬರುತ್ತದಲ್ಲ ಎಂದು ಹಿರಿಯರು ಕೇಳಬಹುದು. ಬರುತ್ತದೆ, ನಿಜ. ಅದನ್ನು ಮನೆತನದ ಒಳ್ಳೆಯ ನಡತೆ ಉಳಿಸುವುದು ಎಂದು ಅರ್ಥಮಾಡುವವರೂ ಇದ್ದಾರೆ. ಬಾಬಾಸಾಹೇಬರು ಕಲಿಸಿದಂತೆ ವಿಚಾರಮಾಡಿ ಓದುವ ನಮಗೆ ಆ ಅರ್ಥವೇ ಒಗ್ಗುತ್ತದೆ.

ನಮ್ಮ ಸಂಖ್ಯೆ ಹೆಚ್ಚಬೇಕು, ಅದೇ ನಮ್ಮ ಬಲ ಎನ್ನುವ ಯುವಕರೂ ಇದ್ದಾರೆ. ಅವರು 1938ರ ಭಾಷಣ ಓದಲಿ. ಬಾಬಾಸಾಹೇಬರು ತಲೆ ಎಣಿಸಲಿಲ್ಲ, ತಾಯಂದಿರ ಆರೋಗ್ಯ, ಮನೆಯ ಬಡತನ ನೋಡಿದರು. ಇದಕ್ಕೆ ತಿರುಗಾಮುರುಗಾ ತಪ್ಪೂ ಇದೆ. 1975ರಿಂದ 77ರ ತುರ್ತು ಪರಿಸ್ಥಿತಿಯಲ್ಲಿ ಬಡವರನ್ನು, ನಮ್ಮವರನ್ನು ಹಿಡಿದೆಳೆದು ಆಪರೇಷನ್ ಮಾಡಿದರು. ಹೆರಲೇಬೇಕು ಎನ್ನುವುದೂ ಹೆರಲೇಬಾರದು ಎನ್ನುವುದೂ ಒಂದೇ ದಬ್ಬಾಳಿಕೆ. ಕರ್ವೆ ದಂಪತಿ ಕೇಳಿದ್ದು ಆ ಇಬ್ಬರೇ ಕೂತು ನಿರ್ಧರಿಸುವ ಸ್ವಾತಂತ್ರ್ಯವನ್ನು. ಮಕ್ಕಳು ಬೇಕೆಂದು ಕಾಯುತ್ತಿರುವ, ಕಳೆದುಕೊಂಡು ಕೊರಗುತ್ತಿರುವ ಅಕ್ಕತಂಗಿಯರ ಮುಂದೆ ಈ ಕಥೆಯನ್ನು ಉಪದೇಶದಂತೆ ಹೇಳಬೇಡಿ. ಅವರ ದುಃಖ ಬೇರೆ.

ಕರ್ವೆಯವರ ಮುಂದಿನ ಜೀವನದಲ್ಲಿ ಏರಿಳಿತ ಹೆಚ್ಚಿಲ್ಲ. ಪತ್ರಿಕೆ, ಸಾಲ, ಮತ್ತೆ ಪತ್ರಿಕೆ. ಸುಮಾರು 26 ವರ್ಷ ಸಮಾಜಸ್ವಾಸ್ಥ್ಯವನ್ನು ನಡೆಸಿದರು. 1952ರಲ್ಲಿ ಸ್ವತಂತ್ರ ಭಾರತದ ಸರ್ಕಾರ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಮೂವತ್ತು ವರ್ಷ ಹಿಂದೆ ಯಾವ ಮಾತಿಗಾಗಿ ಅವರ ಕೆಲಸ ಹೋಗಿತ್ತೋ ಅದೇ ಮಾತು ಸರ್ಕಾರದ ಕಾರ್ಯಕ್ರಮವಾದದ್ದನ್ನು ಅವರು ಕಣ್ಣಾರೆ ಕಂಡರು. ಮರುವರ್ಷ ಅಕ್ಟೋಬರ್ 14ಕ್ಕೆ ಹೋದರು, ಅವರ ಹಿಂದೆಯೇ ಪತ್ರಿಕೆಯೂ ನಿಂತಿತು. ತಂದೆ ಇನ್ನೂ ಬದುಕಿದ್ದರು. 1958ರಲ್ಲಿ, ನೂರು ತುಂಬಿದ ವರ್ಷ, ಅವರಿಗೆ ಭಾರತರತ್ನ ಬಂತು. ರಘುನಾಥ ಮತ್ತು ಮಾಲತಿಯವರ ಹೆಸರಿನಲ್ಲಿ ಸರ್ಕಾರಿ ಕಡತಗಳಲ್ಲಿ ಉಳಿದದ್ದು 100 ಮತ್ತು 200 ರೂಪಾಯಿಯ ಆ ಎರಡು ದಂಡಗಳು.

ಭವತು ಸಬ್ಬ ಮಂಗಲಂ. ಜೈ ಭೀಮ್.